ಸಿದ್ದಾಪುರದ ಬೇಕರಿಯ ಚೀಸ್

ವಿರಾಜಪೇಟೆ ಬಸ್ಸು ಹೊರಡಲು ಹತ್ತು ನಿಮಿಷವಿತ್ತು. ಮಗಳಿಗೆ ಹಸಿವು. ಗೋಧಿ ಅವಳಿಗೆ ಆಗದು. ಒಂದು ಚೂರು ಹೊಟ್ಟೆಗೆ ಹೋದರೂ ಎರಡು ದಿನ ನರಳುತ್ತಾಳೆ. ಸಿದ್ದಾಪುರದ ಆ ಬೇಕರಿಯಲ್ಲಿ ಅವಳು ತಿನ್ನಬಹುದಾದದ್ದು ಚೀಸ್ ಒಂದೇ. ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ, ಗಟ್ಟಿ ಮಾಡಲು ಏನೇನೋ ಬೆರೆಸಿರುತ್ತಾರೆ. ಕನ್ನಡಕ ಹಾಕಿಕೊಂಡು ಪ್ಯಾಕೆಟ್ಟಿನ ಇರುವೆಯಂಥ ಅಕ್ಷರಗಳನ್ನು ಓದತೊಡಗಿದೆ.

"ಡೇಟ್ ಉಂಟು ಸಾರ್, ನಿನ್ನೆ ಬಂದ ಮಾಲು," ಎಂದರು ಅಂಗಡಿಯಾಕೆ. ನಾನು ಓದುತ್ತಲೇ ಇದ್ದೆ. ಕೊನೆಯ ಸಾಲಿನಲ್ಲಿ, ಗೋಧಿಯಲ್ಲಿರುವ ಗ್ಲುಟೆನ್ ಇದರಲ್ಲಿ ಇಲ್ಲವೆಂದು ಬರೆದಿತ್ತು. "ಇದೇ ಕೊಡಿ."

ಕನ್ನಡಕ ತೆಗೆದು ಜೇಬಿಗಿಡುವಷ್ಟರಲ್ಲಿ ಆಕೆ, "ಪಾಪ, ಮಗು ಹಸಿದಿದೆ," ಎನ್ನುತ್ತ ಪ್ಯಾಕೆಟ್ ಬಿಡಿಸಿ, ಬ್ರೆಡ್ ಕೊಯ್ಯುತ್ತಿದ್ದ ಚಾಕುವಿನಿಂದಲೇ ಚೀಸ್ ತುಂಡು ಮಾಡಿ ತಟ್ಟೆಯಲ್ಲಿಟ್ಟಿದ್ದರು. ಹಳದಿ ಅಂಚಿನ ತುಂಬ ಬ್ರೆಡ್ಡಿನ ಪುಡಿ. ನನಗಿಂತ ಮೊದಲು ಕಂಡದ್ದು ಮಗಳಿಗೆ. ಚಾಚಿದ ಕೈ ಹಿಂದೆಳೆದುಕೊಂಡಳು.

"ಬೇಡ," ಎಂದೆ.

"ಎಂಥ ಆಯ್ತು ಸಾರ್?"

ಚಾಕುವಿನ ಬಗ್ಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಸ್ಸು ಹಾರ್ನ್ ಹಾಕಿತು. ದುಡ್ಡು ಗಾಜಿನ ಮೇಲಿಟ್ಟು, ಮಗಳ ಕೈ ಹಿಡಿದು ಓಡಿದೆ.

ಬಸ್ಸು ತಿರುಗುವಾಗ ಕಿಟಕಿಯಿಂದ ಆಕೆ ಕಂಡರು. ಒಂದು ತುಂಡನ್ನು ಮೂಸಿ ನೋಡಿ, ಬಾಯಿಗಿಟ್ಟು, ಏನು ಕೆಟ್ಟಿದೆಯೆಂದು ಹುಡುಕುವವರಂತೆ ನಿಧಾನವಾಗಿ ಅಗಿಯುತ್ತಿದ್ದರು.