ಬಿಳಿ ನೀರಿನ ಹನ್ನೊಂದು ಸೆಕೆಂಡು

ಯಾವ ಕೆಲಸ ಮಾಡಿಸಿದರೂ ಜಯಲತಾ ಅದಕ್ಕೊಂದು ಪುರಾವೆ ಇಡುತ್ತಿದ್ದರು. ಕುಂದಾಪುರದ ಕಡೆಯವರು, ಮುಂಬೈ ಬಳಿಯ ಅಂಬರನಾಥದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಇಪ್ಪತ್ತಾರು ವರ್ಷ ನೀರು ಪರೀಕ್ಷಿಸಿದವರು. ನಿವೃತ್ತರಾಗಿ ಅದೇ ಕಡೆಯ ಕಳವಾ ಊರಿನ ತಮ್ಮ ಕಟ್ಟಡಕ್ಕೆ ಸೆಕ್ರೆಟರಿಯಾದ ಮೇಲೂ ಅಭ್ಯಾಸ ಬಿಡಲಿಲ್ಲ. ಪಂಪು ರಿಪೇರಿಯಾದರೆ ಫೋಟೊ, ಟ್ಯಾಂಕು ತೊಳೆದರೆ ವಿಡಿಯೊ. ಎಲ್ಲವೂ ಕಟ್ಟಡದ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತಿತ್ತು. “ಹೇಳಿದರೆ ಯಾರು ನಂಬುತ್ತಾರೆ? ತೋರಿಸಬೇಕು” ಎನ್ನುತ್ತಿದ್ದರು.

2018ರ ಜುಲೈನ ಒಂದು ಬುಧವಾರ ಟ್ಯಾಂಕು ತೊಳೆದವರು ಲಾಡ್ಲೇಸಾಬ್. ಕಲಬುರಗಿ ಜಿಲ್ಲೆಯ ಆಳಂದದವರು, ಆರು ವರ್ಷದಿಂದ ಈ ಟ್ಯಾಂಕಿಗೆ ಇಳಿಯುತ್ತಿದ್ದವರು. ಕೊನೆಗೆ ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿ ಕದಡಿ ಆ ನೀರನ್ನು ಟ್ಯಾಂಕಿಗೆ ಸುರಿದರು. ಜಯಲತಾ ಐವತ್ತೆರಡು ಸೆಕೆಂಡಿನ ವಿಡಿಯೊ ತೆಗೆದು ಗುಂಪಿಗೆ ಹಾಕಿದರು.

ಶನಿವಾರ ಬೆಳಿಗ್ಗೆ ಅದು ಬೇರೆ ಯಾವುದೋ ಗುಂಪಿನಿಂದ ಅವರ ಫೋನಿಗೇ ಮರಳಿ ಬಂತು. ಈಗ ಹನ್ನೊಂದೇ ಸೆಕೆಂಡು. ಜಯಲತಾ ಅವರ ದನಿ ಇರಲಿಲ್ಲ. ಟೋಪಿ, ಗಡ್ಡ, ಬಿಳಿ ನೀರು. ಮೇಲೆ ಯಾರದೋ ಹಿಂದಿ ದನಿ: ಕುಡಿಯುವ ನೀರಿಗೆ ವಿಷ ಬೆರೆಸುತ್ತಿದ್ದಾನೆ, ಎಲ್ಲರಿಗೂ ಕಳಿಸಿ.

ಅಂದೇ ಲಾಡ್ಲೇಸಾಬ್ ಸೋರುವ ವಾಲ್ವು ಬದಲಿಸಲು ಬರಬೇಕಿತ್ತು. ಬರಬೇಡಿ ಎನ್ನಲು ಜಯಲತಾ ಎರಡು ಸಲ ಫೋನ್ ಮಾಡಿದರು. ಅವರು ಎತ್ತಲಿಲ್ಲ. ಮೂರನೆಯ ಸಲ ಒತ್ತುವಷ್ಟರಲ್ಲಿ ಗೇಟಿನಲ್ಲಿ ಗದ್ದಲ ಕೇಳಿತು.

ಪೊಲೀಸರಿಗೆ ಫೋನ್ ಮಾಡುತ್ತಲೇ ಮೆಟ್ಟಿಲಿಳಿದರು. ಓಣಿಯ ಇಪ್ಪತ್ತು, ಇಪ್ಪತ್ತೈದು ಜನ ಸೇರಿದ್ದರು. ವಾಚ್‌ಮನ್ ಲಾಡ್ಲೇಸಾಬರನ್ನು ತನ್ನ ಕ್ಯಾಬಿನ್ನಿನೊಳಗೆ ತಳ್ಳಿ ಬೀಗ ಹಾಕಿದ್ದ. ಬಾಗಿಲ ಮುಂದೆ ಫೋನ್ ಹಿಡಿದು ನಿಂತವನು ಎರಡನೇ ಮಹಡಿಯ ಯಶ್ವಂತ್, ಇಲ್ಲೇ ಹುಟ್ಟಿದ ಮಂಗಳೂರು ಕಡೆಯ ಹುಡುಗ.

“ಯಶ್ವಂತ್, ದಾರಿ ಬಿಡು.”

“ಆಂಟಿ, ಆಪ್ ಊಪರ್ ಜಾವೋ. ಯೇ ಲೇಡೀಸ್ ಕಾ ಮ್ಯಾಟರ್ ನಹೀಂ ಹೈ.”

“ಸಣ್ಣವನಿದ್ದಾಗ ನೀನು ಲಿಫ್ಟಲ್ಲಿ ಸಿಕ್ಕಿಬಿದ್ದು ಅಮ್ಮಾ ಅಂತ ಕೂಗಿದ್ದು ನೆನಪುಂಟಾ? ಆಗ ಬಾಗಿಲು ತೆಗೆದದ್ದು ಲೇಡೀಸೇ ಮಾರಾಯ.”

ಮಾತು ತಿಳಿಯದಿದ್ದರೂ ಯಶ್ವಂತನ ಮುಖ ನೋಡಿ ಯಾರೋ ನಕ್ಕರು. ಆ ನಗುವಿನ ನಡುವೆಯೇ ಒಂದು ಕಲ್ಲು ಬಂದು ಕ್ಯಾಬಿನ್ನಿನ ಗಾಜು ಒಡೆಯಿತು.

“ಅಕ್ಕಾರ! ನೀವು ಹೇಳಿದ್ದೇ ಹಾಕೀನಲ್ರಿ!” ಲಾಡ್ಲೇಸಾಬ್ ಒಳಗಿನಿಂದ ಕೂಗಿಕೊಂಡರು.

ಕ್ಲೋರಿನ್ ಪರೀಕ್ಷೆಯ ಕಿಟ್ ಜಯಲತಾ ಅವರ ಚೀಲದಲ್ಲಿತ್ತು. ನೀರಿಗೆ ಕಿಟ್ಟಿನ ದ್ರಾವಣದ ಐದು ಹನಿ, ತಿಳಿ ಹಳದಿ ಬಣ್ಣ ಬಂದರೆ ಕ್ಲೋರಿನ್, ಅಷ್ಟೇ ವಿಷಯ ಎಂದು ತೋರಿಸುವ ಯೋಚನೆಯಲ್ಲಿ ಬಂದಿದ್ದರು. ಆ ಮುಖಗಳನ್ನು ನೋಡಿದ ಮೇಲೆ ಚೀಲ ತೆರೆಯಲಿಲ್ಲ.

“ವೋ ವಿಡಿಯೊ ಮೈನೇ ನಿಕಾಲಾ!” ತೆಗೆದದ್ದು ತಾನೇ ಎಂದು ಎಲ್ಲರಿಗೂ ಕೇಳುವಂತೆ ಕೂಗಿದರು.

ಗದ್ದಲ ಕ್ಷಣ ತಗ್ಗಿತು. ಅವರು ಯಶ್ವಂತನ ಕಡೆ ತಿರುಗಿದರು. “ಬುಧವಾರ ಗುಂಪಿಗೆ ಹಾಕಿದ್ದೇನೆ. ನನ್ನ ಫೋನ್ ಬೇಡ, ನಿನ್ನದರಲ್ಲೇ ತೆಗಿ.”

ಅವನು ಆ ವಿಡಿಯೊ ತೆರೆದೇ ಇರಲಿಲ್ಲ. ಬಿಲ್ಡಿಂಗ್ ಆಂಟಿ ಕಳಿಸಿದ್ದನ್ನು ಯಾರು ನೋಡುತ್ತಾರೆ? ಒತ್ತಿದ. ಪರದೆಯ ಮೇಲೆ ಚಕ್ರ ತಿರುಗತೊಡಗಿತು. ಒಬ್ಬ ಕ್ಯಾಬಿನ್ನಿನ ಚಿಲಕ ಹಿಡಿದು ಜಗ್ಗಿದ. ಚಕ್ರ ತಿರುಗುತ್ತಲೇ ಇತ್ತು. ಜಯಲತಾ ಬೀಗದ ಮೇಲೆ ಕೈಯಿಟ್ಟು ನಿಂತರು.

ಕೊನೆಗೆ ಫೋನಿನಿಂದ ಅವರದೇ ದನಿ ಕೇಳಿಸಿತು: “ಲಾಡ್ಲೇಸಾಬ್ರೆ, ತಿಳಿ ಮಾತ್ರ ಹಾಕಿ, ಚರಟ ಬೇಡ. ಬ್ಲೀಚಿಂಗ್ ವಾಸನೆ ಬಂದರೆ ಯಶ್ವಂತನ ಅಮ್ಮ ನನ್ನನ್ನು ಬಿಡುವುದಿಲ್ಲ.”

ಯಶ್ವಂತ್ ಎರಡನೇ ಸಲ ಕೇಳಿದ. ಮುಖ ಕಪ್ಪಿಟ್ಟಿತು. ಉಳಿದವರಿಗೆ ಕನ್ನಡ ತಿಳಿಯದು. “ಬ್ಲೀಚಿಂಗ್ ಪೌಡರ್ ಹೈ. ಆಂಟಿ ಖುದ್ ಡಲ್ವಾ ರಹೀ ಹೈ,” ಆಂಟಿಯೇ ನಿಂತು ಹಾಕಿಸುತ್ತಿದ್ದಾರೆ ಎಂದ.

“ಆಂಟಿ ಭೀ ಮಿಲೀ ಹುಯೀ ಹೈ!” ಅವರೂ ಇದರಲ್ಲಿ ಶಾಮೀಲು ಎಂದು ಹಿಂದಿನಿಂದ ಒಬ್ಬ ಅರಚಿದ.

ಯಶ್ವಂತ್ ಫೋನನ್ನು ಜೇಬಿಗಿಟ್ಟು, ಈ ಬಾರಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಪೊಲೀಸರು ಬರಲು ನಲವತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅರ್ಧದಷ್ಟು ಜನ ಹೋಗಿದ್ದರು; ಉಳಿದವರು ಹೋಗಿರಲಿಲ್ಲ.

ಹೊರಬಂದ ಲಾಡ್ಲೇಸಾಬರ ಹಣೆಗೆ ಗಾಜಿನ ಚೂರು ತಾಗಿತ್ತು. “ಅಂಬರನಾಥಕ್ಕೂ ಹೋಗ್ಯಾದ ಅಕ್ಕಾರ ಅದು. ಅಲ್ಲಿ ಎರಡು ಬಿಲ್ಡಿಂಗ್‌ನ್ಯಾಗ ಬರಬ್ಯಾಡ ಅಂದಾರ.”

“ತಪ್ಪು ನನ್ನದು. ಕೆಲಸ ತೋರಿಸಲು ಹೋಗಿ ನಿಮ್ಮ ಮುಖ ಊರಿಗೆಲ್ಲ ಹಂಚಿದೆ.”

ಲಾಡ್ಲೇಸಾಬ್ ಹಣೆ ಒರೆಸಿಕೊಂಡು ಆ ಎರಡು ಬಿಲ್ಡಿಂಗ್‌ಗಳ ವಿಳಾಸ ಹೇಳಿದರು.

ಭಾನುವಾರ ಹತ್ತು ಗಂಟೆಗೆ ಇಬ್ಬರೂ ಅಂಬರನಾಥದಲ್ಲಿ ರೈಲಿನಿಂದ ಇಳಿದರು. ಮೊದಲ ಕಟ್ಟಡದ ಚೇರ್‌ಮನ್ ಲಾಡ್ಲೇಸಾಬರನ್ನು ನೋಡಿದ್ದೇ ಬಾಗಿಲನ್ನು ಅರ್ಧ ಮುಚ್ಚಿದರು. ಆಮೇಲೆ ಜಯಲತಾ ಅವರನ್ನು ಕಂಡು, “ತುಮ್ಹೀ ಕೋಣ?” ಎಂದು ಗುರುತು ಕೇಳಿದರು.

ಜಯಲತಾ ಚಪ್ಪಲಿ ಕಳಚಿ ಹೊಸ್ತಿಲ ಬಳಿ ನಿಂತರು. ಆ ವಿಡಿಯೊ ತೆಗೆದವಳು ತಾನೇ ಎಂದು ಮರಾಠಿಯಲ್ಲಿ ಹೇಳಿ, ಐವತ್ತೆರಡು ಸೆಕೆಂಡು ಸಮಯ ಕೇಳಿದರು.