ಹದಿಮೂರು ಇಂಚಿನ ಕಟ್ಟೆ

ಇಸಳೂರಿನಲ್ಲಿ ನಮ್ಮ ಮನೆಯಿಂದ ಮೂರನೆಯದು ಸುಭಾಷನ ಮನೆ. ಅವನ ಅಕ್ಕ ಶೈಲಾ ನಮ್ಮ ಸಾಲಿನ ಹೆಂಗಸರಿಗೆಲ್ಲ ರವಿಕೆ ಹೊಲಿದುಕೊಡುವವಳು. ಎರಡು ವರ್ಷದವಳಿದ್ದಾಗ ಪೋಲಿಯೋ ಬಂದು ಎರಡೂ ಕಾಲಿನ ಬಲ ಹೋಗಿದೆ. ಕೈ ಊರಿ, ಕುಳಿತಲ್ಲಿಂದಲೇ ಸರಿಯುತ್ತ ಮನೆಯೆಲ್ಲ ಓಡಾಡುತ್ತಾಳೆ. ಪೇಟೆಗೆ ಹೋಗಲು ಪಕ್ಕಕ್ಕೆ ಗಾಲಿ ಜೋಡಿಸಿದ ಸ್ಕೂಟರ್ ಇದೆ. ವಯಸ್ಸು ನಲವತ್ತಾರು. ಬಹಳ ಸಿಟ್ಟಿನವಳು ಎಂದು ಹೆಸರು. ನಾನೂ ಹಾಗೆ ಹೇಳಿಕೊಂಡು ತಿರುಗಿದವಳೇ. ಯಾತಕ್ಕೆ ಸಿಟ್ಟು ಎಂದು ಕೇಳುವ ವ್ಯವಧಾನ ನಮಗ್ಯಾರಿಗೂ ಇರಲಿಲ್ಲ.

ಅವರ ಮೂಲ ಮನೆ ಬನವಾಸಿ ಕಡೆಯ ಹಳ್ಳಿಯಲ್ಲಿತ್ತು. ಅಲ್ಲಿ ಒಲೆ ನೆಲದ ಮೇಲೆ, ಈಳಿಗೆಮಣೆ ನೆಲದ ಮೇಲೆ, ನೀರಿನ ಹಂಡೆಯೂ ಕೈಗೆ ಸಿಗುವಷ್ಟು ಕೆಳಗೆ. ಹದಿನೈದನೆಯ ವಯಸ್ಸಿನಿಂದ ಶೈಲಾ ಅಲ್ಲಿ ಎಂಟು ಜನರಿಗೆ ರೊಟ್ಟಿ ಬಡಿದಿದ್ದಾಳೆ. ಸುಭಾಷ ಶಿರಸಿಯಲ್ಲಿ ಬೀಜ ಗೊಬ್ಬರದ ಅಂಗಡಿ ಹಾಕಿ ಇಸಳೂರಿನಲ್ಲಿ ಮನೆ ಕಟ್ಟಿಸತೊಡಗಿದಾಗ ಹಳ್ಳಿಯ ಮನೆಯನ್ನು ಬಿಚ್ಚಿಸಿದ. ಅದರ ಹಲಗೆ, ತೊಲೆ, ಬಾಗಿಲು ಎಲ್ಲ ಇಲ್ಲಿಯ ಹಿತ್ತಿಲಿಗೆ ಬಂದು ತಗಡಿನ ಕೆಳಗೆ ಬಿದ್ದವು.

ಹೊಸ ಮನೆಯ ಅಡುಗೆಕೋಣೆಯ ಅಳತೆಗೆ ಒಬ್ಬ ಬಂದಿದ್ದ. ಸುಭಾಷನ ಹೆಂಡತಿ ಪ್ರತಿಭಾಳನ್ನು ನಿಲ್ಲಿಸಿ, ಅವಳ ಮೊಣಕೈ ಎಲ್ಲಿಗೆ ಬರುತ್ತದೆ ಎಂದು ನೋಡಿ, ಕಟ್ಟೆಗೆ ಮೂವತ್ತನಾಲ್ಕು ಇಂಚು ಎಂದು ಬರೆದುಕೊಂಡ. ಹೊಸ್ತಿಲ ಹತ್ತಿರ ಕುಳಿತಿದ್ದ ಶೈಲಾ, "ನನ್ನ ಅಳತೀನೂ ತಗೋರಿ. ಒಂದು ಬಾಜೂ ತಗ್ಗು ಮಾಡ್ರಿ" ಎಂದಳು. ಅವನು ನಕ್ಕ. "ನಿಮಗ್ಯಾಕ್ರೀ ಅಕ್ಕಾ ಕಷ್ಟ? ಆರಾಮ ಕೂತು ಉಣ್ಣೂದು ನೋಡ್ರಿ." ಸುಭಾಷನೂ ನಕ್ಕ. ತಾಯಿ ಮುರಿಗೆವ್ವ ಏನೂ ಅನ್ನಲಿಲ್ಲ.

ಗೃಹಪ್ರವೇಶವಾಯಿತು. ಆ ದಿನದಿಂದ ಶೈಲಾಳಿಗೆ ಒಂದು ಲೋಟ ನೀರು ಬೇಕೆಂದರೂ ಯಾರನ್ನಾದರೂ ಕರೆಯಬೇಕಾಯಿತು. ಕಪಾಟುಗಳೆಲ್ಲ ತಲೆಯ ಮೇಲೆ. ಗ್ಯಾಸ್ ಉರಿಯುತ್ತಿದೆಯೋ ಇಲ್ಲವೋ ಅವಳಿಗೆ ಕಾಣುತ್ತಿರಲಿಲ್ಲ. ಹತ್ತಿರ ಮೂವತ್ತು ವರ್ಷ ಮನೆಗೆ ಉಣಬಡಿಸಿದವಳು, "ಪ್ರತಿಭಾ, ಚಾ" ಎಂದು ಕೂಗಿ ಕಾಯುವವಳಾದಳು.

ಎರಡು ವರ್ಷ ಕಳೆದು, ಮಾರ್ಚ್‌ನಲ್ಲಿ ಸಿದ್ದಾಪುರದಲ್ಲಿ ಒಂದು ಮದುವೆ. ಎಲ್ಲರೂ ಬೆಳಿಗ್ಗೆಯೇ ಹೊರಟರು. ಕಲ್ಯಾಣ ಮಂಟಪಕ್ಕೆ ಮೆಟ್ಟಿಲು ಬಹಳ, ನೀನು ಮನೆಯಲ್ಲಿರು ಎಂದು ಅವಳಿಗೆ ಹೇಳಿದ್ದಾಯಿತು. ಮಾಡಿಟ್ಟ ಅನ್ನ ಸಾರು ಕಟ್ಟೆಯ ಮೇಲಿತ್ತು, ಇಳಿಸಿಡುವುದನ್ನು ಮರೆತರು. ಎರಡು ಗಂಟೆಯವರೆಗೆ ಶೈಲಾ ಕಾದಳು. ಆಮೇಲೆ ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು, ತೋಳಿನ ಬಲದಲ್ಲಿ ಅದರ ಮೇಲೆ ಏರಿ, ಪಾತ್ರೆಗೆ ಕೈಹಾಕಿದಳು. ಸ್ಟೂಲು ಜಾರಿತು. ಕಟ್ಟೆಯ ಅಂಚಿಗೆ ಬಾಯಿ ಬಡಿದು ಮುಂದಿನ ಹಲ್ಲು ಮುರಿಯಿತು. ಸಾರು ಮೈಮೇಲೆ ಚೆಲ್ಲಿತು. ತಣ್ಣಗಾಗಿದ್ದರಿಂದ ಸುಡಲಿಲ್ಲ.

ಸಂಜೆ ಬಂದ ಸುಭಾಷ ಕೇಳಿದ್ದು ಇಷ್ಟು: "ಹತ್ತಾಕ ಯಾಕ ಹೋದಿ?"

"ಹಸಿವಾಗಿತ್ತು."

"ಒಂದು ಫೋನ್ ಮಾಡಬೇಕಿಲ್ಲ? ಗೀತಕ್ಕಾರು ಬಂದು ಇಳಿಸಿ ಕೊಡ್ತಿದ್ರು. ಇನ್ನ ಮ್ಯಾಲ ನೀ ಅಡಗಿ ಮನಿಗೆ ಬರೂದೇ ಬ್ಯಾಡ, ನೋಡು."

ಗೀತಕ್ಕ ಎಂದರೆ ನಾನೇ. ಮರುದಿನ ಹಣ್ಣು ಹಿಡಿದು ನೋಡಲು ಹೋದವಳು "ಪಾಪ" ಎಂದೆ. ಶೈಲಾ ಬಾತ ತುಟಿಯಲ್ಲೇ, "ಪಾಪ ಅನ್ನೂದಿದ್ರ ಎದ್ದು ಹೋಗ್ರಿ" ಎಂದಳು. ನನಗೆ ಅವಮಾನವಾಯಿತು, ಎದ್ದು ಬಂದೆ. ಹಣ್ಣಿನ ಚೀಲ ಸಂಜೆ ಹಾಗೆಯೇ ನಮ್ಮ ಗೇಟಿಗೆ ನೇತಾಡುತ್ತಿತ್ತು.

ಅದಾಗಿ ನಾಲ್ಕನೆಯ ದಿನ ಮಧ್ಯಾಹ್ನ ಗರಗಸದ ಸದ್ದು ಕೇಳಿಸಿತು. ತೆಂಗಿನ ಗರಿ ಕೊಯ್ಯುವ ತುಕ್ಕು ಹಿಡಿದ ಗರಗಸದಿಂದ ಶೈಲಾ ಹೊಸ ಊಟದ ಮೇಜಿನ ಕಾಲುಗಳನ್ನು ಕತ್ತರಿಸುತ್ತಿದ್ದಳು. ಪ್ರತಿಭಾ ಹೊರಗೆ ಹೋಗಿದ್ದಳು. ಮೂರು ತಾಸು ಬೇಕಾಯಿತಂತೆ. ಸುಭಾಷ ರಾತ್ರಿ ಊಟಕ್ಕೆ ಬಂದಾಗ ನಾಲ್ಕೂ ಕಾಲು ತುಂಡಾಗಿ, ಮೇಜು ಪಡಸಾಲೆಯ ನಡುವೆ ಮಣೆಯಂತೆ ಕುಳಿತಿತ್ತು. ಒಂದು ಕಾಲು ಗಿಡ್ಡವಾಗಿ ಕೈ ಇಟ್ಟರೆ ಓಲಾಡುತ್ತಿತ್ತು.

ಅಂದಿನ ಜಗಳ ಇಡೀ ಸಾಲಿಗೆ ಕೇಳಿತು. "ತಲಿ ಕೆಟ್ಟೈತೇನು ನಿನಗ? ಸಾಗವಾನಿ ಮೇಜದು!"

"ನಿಮ್ಮ ಮನ್ಯಾಗ ನಾನು ನೆಲದ ಮ್ಯಾಲ ಕೂತು, ನಿಮ್ಮ ಕಾಲು ನೋಡ್ಕೊಂತ ಉಣ್ಣತೇನಿ. ಎರಡು ವರ್ಷ ಆತು. ಇವತ್ತ ನೀವು ಕೆಳಗ ಕೂಡ್ರಿ."

ಪ್ರತಿಭಾ ಅತ್ತಳು. ಮೇಜು ಅವಳ ತವರಿನವರು ಕೊಟ್ಟದ್ದು, ಅವಳ ಸಂಕಟವೂ ಸುಳ್ಳಲ್ಲ. ಆದರೆ ಶೈಲಾ ಕ್ಷಮೆ ಕೇಳಲಿಲ್ಲ. ಹಿತ್ತಿಲಲ್ಲಿ ಬಿದ್ದಿರುವ ಹಲಗೆಯಲ್ಲಿ ತನ್ನ ಪಾಲು ಬೇಕು ಎಂದಳು.

"ಅದನ್ನ ಮಾರಾಕ ಮಾತಾಡೇನಿ."

"ನಾ ಹುಟ್ಟಿದ ಮನೀ ಹಲಗಿ. ನನ್ನ ಕೇಳಿ ಮಾತಾಡೀಯೇನು? ಲಾರಿ ತರಸು. ಹಲಗಿ ಮ್ಯಾಲ ನಾ ಕೂತಿರ್ತೇನಿ, ನನ್ನೂ ಹೊತ್ತುಕೊಂಡು ಹೋಗಲಿ."

ಹಾಗೆಯೇ ಮಾಡಿದಳು. ಎರಡು ದಿನ ಬೆಳಗಿನಿಂದ ಸಂಜೆಯವರೆಗೆ ತಗಡಿನ ಕೆಳಗೆ, ಆ ರಾಶಿಯ ಮೇಲೆ ಕುಳಿತು ರವಿಕೆಗೆ ಹುಕ್ಕು ಹಚ್ಚಿದಳು. ಕೊಳ್ಳಲು ಬಂದವನು ನೋಡಿ ತಿರುಗಿ ಹೋದ. ಸುಭಾಷ ಕೈಬಿಟ್ಟ.

ಸಾಮಾನು ತರಲು ಅವಳೇ ಸ್ಕೂಟರಿನಲ್ಲಿ ಶಿರಸಿ ಪೇಟೆಗೆ ಹೋದಳು. ಹಾರ್ಡ್‌ವೇರ್ ಅಂಗಡಿಗೆ ನಾಲ್ಕು ಮೆಟ್ಟಿಲು. ರಸ್ತೆಯಲ್ಲಿ ನಿಂತೇ ಹಾರ್ನ್ ಒತ್ತಿದಳು. ಅಂಗಡಿಯವನು ಹೊರಬಂದು, "ಎಂತ ಬೇಕಾಗಿತ್ತು? ಆಚಾರಿ ಚೀಟಿ ಕೊಟ್ಟಿದ್ನಾ?" ಎಂದ.

"ಚೀಟಿ ಇಲ್ಲ. ಕೈಗರಗಸ, ಉಳಿ, ಮೂಲೆಮಟ್ಟ, ಎರಡು ಕ್ಲಾಂಪು. ನನಗ ಬೇಕು."

"ನಿಮಗೆ ಎಂತಕ್ಕೆ?"

"ನಿಮ್ಮ ಅಂಗಡಿಗೆ ಬಂದವರನ್ನೆಲ್ಲಾ ಹಿಂಗ ಕೇಳ್ತೀರೇನು?"

ಅವನು ಹಗುರವಾದ ಗರಗಸ ತಂದು ತೋರಿಸಿದ. ಅವಳು ಬೇರೆಯದು ಕೇಳಿದಳು. ಐದು ಸಲ ಮೆಟ್ಟಿಲು ಹತ್ತಿಳಿಸಿದಳು. "ಬೇಕಂತಲೇ ಹತ್ತಿಸಿದೆ" ಎಂದು ಆಮೇಲೆ ನನ್ನ ಹತ್ತಿರ ಒಪ್ಪಿಕೊಂಡಿದ್ದಾಳೆ.

ಹಲಗೆಗಳು ಹಲಸಿನವು, ಅಟ್ಟದಿಂದ ಬಿಚ್ಚಿದವು, ಹೊಗೆಗೆ ಕಪ್ಪಾಗಿ ಮೈತುಂಬ ಮೊಳೆ ತುಂಬಿಕೊಂಡಿದ್ದವು. ಮೊಳೆ ಕೀಳುವುದಕ್ಕೇ ಹದಿನೈದು ದಿನ ಹಿಡಿಯಿತು. ಬಡಗಿಗಳು ನೆಲದಲ್ಲಿ ಕುಳಿತು ಕಾಲಿನಿಂದ ಹಲಗೆ ಒತ್ತಿ ಹಿಡಿಯುತ್ತಾರೆ. ಅವಳಿಗೆ ಕಾಲು ಅದಕ್ಕೆ ಒದಗದು. ಹಲಗೆಯ ಒಂದು ತುದಿಗೆ ರುಬ್ಬುವ ಕಲ್ಲು ಹೇರಿದಳು, ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಕ್ಲಾಂಪು ಹಾಕಿ ಬಿಗಿದಳು. ಗುರುತಿಗೆ ಹೊಲಿಗೆಯ ಸೀಮೆಸುಣ್ಣ. ಮೊದಲ ನಾಲ್ಕು ಹಲಗೆ ಅಭ್ಯಾಸಬಲದಿಂದ ಅರ್ಧರ್ಧ ಇಂಚು ಉದ್ದ ಕತ್ತರಿಸಿದಳು. ಬಟ್ಟೆಯಾದರೆ ಮಡಿಸಿ ಹೊಲಿಯಬಹುದು. ಇಲ್ಲಿ ಆ ಅರ್ಧ ಇಂಚನ್ನು ಮತ್ತೆ ಕೊಯ್ಯುವಾಗ ಅಂಚು ಸಿಬಿರೆದ್ದು ಹಾಳಾಯಿತು. ಉಳಿ ಜಾರಿ ಎಡಗೈ ಹೆಬ್ಬೆರಳಿಗೆ ಆರು ಹೊಲಿಗೆ ಬಿದ್ದವು. ಒಂದು ತಿಂಗಳು ಯಾರ ರವಿಕೆಯೂ ಆಗಲಿಲ್ಲ, ನನ್ನದೂ.

ಮೊದಲ ಕಪಾಟು ನಿಂತದ್ದು ಮೂರೇ ದಿನ. ಡಬ್ಬಿಗಳನ್ನು ಜೋಡಿಸಿದ ಮೇಲೆ ನಿಧಾನವಾಗಿ ಒಂದು ಕಡೆ ವಾಲಿ, ಖಾರದಪುಡಿ, ಅರಿಶಿನ, ಬೆಲ್ಲ ಸಮೇತ ನೆಲಕ್ಕೆ ಬಿತ್ತು. ಸದ್ದಿಗೆ ಬಂದ ಸುಭಾಷ ಬಾಗಿಲಲ್ಲಿ ನಿಂತು, "ಆತಿಲ್ಲ ನಿನ್ನ ಹಟ?" ಎಂದ. ಶೈಲಾ ಕೈಗೆ ಸಿಕ್ಕ ಸುತ್ತಿಗೆ ಎಸೆದಳು. ಅವನಿಗೆ ತಾಗಲಿಲ್ಲ, ಬಾಗಿಲಿಗೆ ತಾಗಿತು. ಆ ಗುರುತನ್ನು ಈಗಲೂ ನೋಡಬಹುದು.

ಆ ವಾರ ನಮ್ಮ ಮನೆಯ ಬಾಗಿಲು ಸರಿಮಾಡಲು ಮನೋಹರ ಆಚಾರಿ ಬಂದಿದ್ದ. ವಯಸ್ಸಾದವನು, ಮಾತು ಕಡಿಮೆ. ಬಯ್ಯಿಸಿಕೊಂಡರೂ ಸರಿ ಎಂದು ಅವನನ್ನು ಕರೆದುಕೊಂಡು ಹೋದೆ. ಅವನು ಬಿದ್ದ ಕಪಾಟನ್ನು ಕಾಲಿನಿಂದ ಹೊರಳಿಸಿ ನೋಡಿದ.

"ಮೂಲೆಯಿಂದ ಮೂಲೆಗೆ ಅಳ್ದಿದ್ಯಾ?"

"ಇಲ್ಲ."

"ಆ ಮೂಲೆಯಿಂದ ಈ ಮೂಲೆಗೆ, ಈ ಮೂಲೆಯಿಂದ ಆ ಮೂಲೆಗೆ. ಎರಡೂ ಒಂದೇ ಬರ್ಬೇಕು. ಬರ್ಲಿಲ್ಲ ಅಂದ್ರೆ ಚೌಕ ಅಲ್ಲ. ಹಿಂದ್ಗಡೆ ಅಡ್ಡ ಪಟ್ಟಿ ಹೊಡಿ, ಇಲ್ದಿದ್ರೆ ಮತ್ತೆ ಬೀಳ್ತದೆ." ಕೊಯ್ದ ಅಂಚಿನ ಮೇಲೆ ಬೆರಳಾಡಿಸಿ, "ಗರಗಸ ಅಲ್ಲಾಡಿದೆ" ಎಂದು ಸೇರಿಸಿ ಹೊರಟುಹೋದ. ಶಹಬ್ಬಾಸ್ ಎನ್ನಲಿಲ್ಲ, ಅಯ್ಯೋ ಎನ್ನಲಿಲ್ಲ. ಇಡೀ ಪ್ರಸಂಗದಲ್ಲಿ ಶೈಲಾಳ ಬೈಗುಳಕ್ಕೆ ಸಿಗದೆ ಹೋದ ಒಬ್ಬನೇ ಮನುಷ್ಯ ಅವನು.

ಮಳೆಗಾಲ ಮುಗಿಯುವಷ್ಟರಲ್ಲಿ ಅವಳ ಹೊಲಿಗೆ ಕೋಣೆಯ ಒಂದು ಗೋಡೆಗೆ ಅಡುಗೆಮನೆ ಎದ್ದಿತು. ನೆಲದಿಂದ ಹದಿಮೂರು ಇಂಚಿಗೆ ಹಲಸಿನ ಕಟ್ಟೆ. ಒಲೆ ಇಡುವ ಜಾಗಕ್ಕೆ ಮಾತ್ರ ಕಡಪಾ ಕಲ್ಲು. ಕೂತವಳ ಕೈ ಎಟುಕುವ ನಲವತ್ತೆರಡು ಇಂಚಿಗೆ ಕಪಾಟಿನ ಕೊನೆಯ ಹಲಗೆ. ಅದರ ಮೇಲೆ ಏನೂ ಇಲ್ಲ, ಬರಿಯ ಗೋಡೆ. ಹೆರೆದ ಮೇಲೆ ಹಲಸು ಹಳದಿಯಾಗಿ ಹೊಳೆಯುತ್ತಿತ್ತು. ಕೆಲವು ಕಡೆ ಮೊಳೆಯ ತೂತು ಹಾಗೆಯೇ ಇವೆ. ಕುಳಿತು ನೋಡಿದರೆ ಎಲ್ಲ ಸರಿಯಾಗಿ ಕಾಣುತ್ತದೆ. ನಿಂತವರಿಗೆ ಬಗ್ಗಿ ಬಗ್ಗಿ ಸೊಂಟ ಹಿಡಿಯುತ್ತದೆ.

ಮೊದಲ ದಿನ ಅವಳು ರೊಟ್ಟಿ ಬಡಿಯುವಾಗ ಮುರಿಗೆವ್ವ ಬಂದು ಗೋಡೆ ಹಿಡಿದು ಕೆಳಗೆ ಕುಳಿತಳು. ಎಪ್ಪತ್ತೆಂಟು ವರ್ಷದ ಮುದುಕಿ. ಈ ಮನೆಗೆ ಬಂದ ಮೇಲೆ ಅವಳೂ ಒಲೆ ಮುಟ್ಟಿರಲಿಲ್ಲ. ಕಟ್ಟೆಯ ಮೇಲೆ ಕೈ ಆಡಿಸಿ, "ನನಗೂ ನಿಂತ್ಕೊಂಡು ಮಾಡಾಕ ಆಗ್ತಿದ್ದಿಲ್ಲ ಬಿಡು ತಂಗಿ" ಎಂದಳು.

ಶೈಲಾಳ ಕೈ ನಿಂತಿತು. "ಹಂಗಾರ ಅವತ್ತು ಅಳತೀ ತಗೊಳ್ಳಾಗ ಯಾಕ ಅನ್ನಲಿಲ್ಲ? ಬಾಯಿ ಇದ್ದಿಲ್ಲೇನು ನಿನಗ? ನೀ ಒಂದು ಮಾತು ಅಂದಿದ್ರ ಅವ ಕೇಳ್ತಿದ್ದ."

"ಹುಡುಗನ ಮನಿ. ಏನಂತ ಅನ್ನಲಿ?"

"ನನ್ನ ಹಲ್ಲು ಹೋತು, ಯವ್ವಾ."

ಮುದುಕಿ ಹಿಟ್ಟಿನ ಉಂಡೆ ತೆಗೆದುಕೊಂಡು ತಟ್ಟತೊಡಗಿದಳು. ಶೈಲಾ ಅದನ್ನು ಕಿತ್ತುಕೊಳ್ಳಲಿಲ್ಲ, ಆದರೆ ಆ ದಿನವೆಲ್ಲ ತಾಯಿಯ ಜೊತೆ ಮಾತಾಡಲೂ ಇಲ್ಲ.

ಸುದ್ದಿ ಹಬ್ಬಿತು. ಪ್ರತಿಭಾಳ ಮಗಳು ಭೂಮಿಕಾ ಫೋನಿನಲ್ಲಿ ಹಾಕಿದ ಚಿತ್ರ ಎಲ್ಲೆಲ್ಲೋ ಓಡಾಡಿತು. ಸುಭಾಷನ ದನಿಯೂ ಬದಲಾಯಿತು. ಅಂಗಡಿಗೆ ಬಂದವರಿಗೆ, "ನಮ್ಮ ಅಕ್ಕಾನೇ ಮಾಡಿದ್ದು" ಎಂದು ಆ ಚಿತ್ರ ತೋರಿಸತೊಡಗಿದ. ಒಂದು ಭಾನುವಾರ ಯಾವುದೋ ಸಂಘದ ಆನಂದ ಎಂಬುವರನ್ನು ಮನೆಗೇ ಕರೆತಂದ. ಅವರು ಕುರ್ಚಿಯಲ್ಲಿ ಕುಳಿತು, "ನೀವು ಎಲ್ಲರಿಗೂ ಸ್ಫೂರ್ತಿ. ವಾರ್ಷಿಕೋತ್ಸವದಲ್ಲಿ ವೇದಿಕೆ ಮೇಲೆ ಶಾಲು ಹೊದಿಸಿ ಸನ್ಮಾನ ಮಾಡ್ತೇವೆ" ಎಂದರು.

"ವೇದಿಕಿಗೆ ಮೆಟ್ಟಲ ಎಷ್ಟು ಅದಾವ್ರಿ?"

ಅವರು ತಡವರಿಸಿದರು. "ಏಳೋ ಎಂಟೋ ಇರಬಹುದು. ನಮ್ಮ ಹುಡುಗರು ಎತ್ತಿ ಕೂರಿಸ್ತಾರೆ, ಚಿಂತೆ ಮಾಡಬೇಡಿ."

"ಮೂಟಿ ಎತ್ತಿದಂಗ? ಎಲ್ಲಾರೂ ಚಪ್ಪಾಳೆ ಹೊಡಿಯೋ ಮುಂದ?" ಶೈಲಾಳ ದನಿ ಏರಿತು. "ಶಾಲು ನೀವೇ ಹೊಚ್ಕೋರಿ. ಆ ರೊಕ್ಕದಾಗ ವೇದಿಕಿಗೆ ಒಂದು ಇಳಿಜಾರು ಕಟ್ಟಸ್ರಿ. ಕಟ್ಟಿದ ದಿನ ಹೇಳಿ ಕಳಸ್ರಿ, ನಾನ ಸರಕೊಂಡು ಬಂದು ನೋಡ್ತೇನಿ."

ಆನಂದರು ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಅವರು ಹೋದ ಮೇಲೆ ಸುಭಾಷ ಕೂಗಾಡಿದ: "ಮರ್ಯಾದಿ ತಗದಿ! ಒಳ್ಳೇದು ಮಾಡಾಕ ಬಂದವರನ್ನ—"

"ನಿನ್ನ ಮನೀ ಬಾಗಲಾಗ ಮೆಟ್ಟಲ ಎಷ್ಟದಾವು, ಹೇಳು."

ಇದ್ದದ್ದು ಮೂರು. ಎರಡೂವರೆ ವರ್ಷದಿಂದ ಅವಳು ಆ ಮೂರನ್ನೂ ಮಳೆಯಲ್ಲಿ, ಬಿಸಿಲಿಗೆ ಕಾದ ಗ್ರಾನೈಟಿನ ಮೇಲೆ, ಅಂಗೈ ಊರಿ ಇಳಿದು ಸ್ಕೂಟರು ಹತ್ತುತ್ತಿದ್ದಳು. ಇಳಿಜಾರು ಮಾಡಿಸಿದರೆ ಕಾರು ನಿಲ್ಲಿಸುವ ಜಾಗ ಹೋಗುತ್ತದೆ ಎಂದು ಅವನು ಎರಡು ಸಲ ತಳ್ಳಿಹಾಕಿದ್ದ.

ಮರುದಿನದಿಂದಲೇ ಶೈಲಾ ಉಳಿದ ತೊಲೆಗಳನ್ನು ಕೊಯ್ಯತೊಡಗಿದಳು. ಹತ್ತೊಂಬತ್ತು ಇಂಚು ಎತ್ತರಕ್ಕೆ ಹದಿನೈದು ಅಡಿ ಉದ್ದದ ಇಳಿಜಾರು, ಜಾರದಂತೆ ಅಡ್ಡಡ್ಡ ಪಟ್ಟಿ. ಈ ಸಲ ನಾನು ಹಲಗೆಯ ತುದಿ ಹಿಡಿದುಕೊಂಡೆ. "ಗಟ್ಯಾಗಿ ಹಿಡೀರಿ, ಹಿಡಿಯೂದಿದ್ರ" ಎಂದು ಬೈಸಿಕೊಂಡೆ. ಭೂಮಿಕಾ ಸ್ಕ್ರೂ ತಿರುಗಿಸಿದಳು. ಸುಭಾಷ ಬೈಕು ತೆಗೆದುಕೊಂಡು ಹೋಗುವಾಗ ಬರುವಾಗ ನೋಡಿ ಮುಖ ತಿರುಗಿಸಿದ. ಹನ್ನೊಂದನೆಯ ದಿನ ಅದನ್ನು ಮೆಟ್ಟಿಲಿಗೆ ಕೂಡಿಸಿ ಬೋಲ್ಟು ಬಿಗಿದದ್ದಾಯಿತು.

ಈಗ ಕಾರು ರಸ್ತೆಯ ಬದಿಗೆ ನಿಲ್ಲುತ್ತದೆ. ಅಕ್ಕ ತಮ್ಮನಿಗೆ ಮಾತಿಲ್ಲ, ಐದು ತಿಂಗಳಾಯಿತು. ಹೇಳಬೇಕಾದದ್ದನ್ನು ಭೂಮಿಕಾಳ ಬಾಯಲ್ಲಿ ಹೇಳಿಸುತ್ತಾರೆ. ಮುರಿಗೆವ್ವ ಮಧ್ಯಾಹ್ನದ ರೊಟ್ಟಿಯನ್ನು ಮಗಳ ಕೋಣೆಯಲ್ಲೇ ಬಡಿಯುತ್ತಾಳೆ, ಸುಭಾಷ ಅದನ್ನೇ ಉಣ್ಣುತ್ತಾನೆ. ಮೊನ್ನೆ ರವಿಕೆ ತರಲು ಹೋದಾಗ, ಇನ್ನಾದರೂ ಒಂದು ಮಾತಾಡಿಬಿಡು ಎಂದೆ. ಶೈಲಾ ದಾರ ಕಡಿದು, ರವಿಕೆ ಮಡಚಿ ನನ್ನ ಕೈಗಿಟ್ಟಳು.

"ಅವ ಒಂದು ದಿನಾ ಕೇಳಲಿ, ನಾ ಯಾಕ ಸಿಟ್ಟಾದೆ ಅಂತ. ಆಮ್ಯಾಲ ಮಾತಾಡ್ತೇನಿ."

ಅವನು ಇನ್ನೂ ಕೇಳಿಲ್ಲ.