ನನ್ನ ಎಡಗೈ ಎಂಬ ಸೀಟ್ ಬೆಲ್ಟ್

ಅರವತ್ತೈದು ತುಂಬುವವರೆಗೆ ನಾನು ಯಾವ ಗಾಡಿಯನ್ನೂ ಓಡಿಸಿದವಳಲ್ಲ. ಸೈಕಲ್ಲನ್ನೂ ಇಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಸ್ಟರ್ ಆಗಿ ಹಾನುಬಾಳು ಕಡೆಯ ಹಳ್ಳಿಹಳ್ಳಿ ಸುತ್ತಿದ್ದೆಲ್ಲ ಬೇರೆಯವರ ಜೀಪು, ಬೇರೆಯವರ ಬಸ್ಸು, ಒಮ್ಮೊಮ್ಮೆ ಗೊಬ್ಬರದ ಟ್ರ್ಯಾಕ್ಟರಿನಲ್ಲಿ. ಹಾಗಾಗಿ ಈ ವಯಸ್ಸಿನಲ್ಲಿ ಕೈಗೆ ಸ್ಟೀರಿಂಗ್ ಸಿಕ್ಕಾಗ ತಲೆ ತಿರುಗಿತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೆ ಬಂದ ಐಶ್ವರ್ಯ ಒಂದು ಬ್ಯಾಟರಿ ಗಾಡಿ.

ಆನೇಮಹಲ್ ದಾಟಿ ಒಳಗೆ ಹೋದರೆ ಸಿಗುವ ಒಂದು ಹಳೆಯ ಕಾಫಿ ಎಸ್ಟೇಟಿನಲ್ಲಿ ನಲವತ್ತು ಪುಟ್ಟ ಮನೆ ಕಟ್ಟಿ, ಅರವತ್ತು ದಾಟಿದವರಿಗೆ ಮಾತ್ರ ಎಂದು ಕೊಡುತ್ತಾರೆ. ನಾನು ಅಲ್ಲಿಯ ನಿವಾಸಿ. ಮನೆಗಳು ಗುಡ್ಡದ ಮೇಲೆ, ಊಟದ ಹಾಲ್ ಗುಡ್ಡದ ಕೆಳಗೆ. ನಮ್ಮೆಲ್ಲರ ಮಂಡಿಗಳ ಕೂಗು ಕೇಳಲಾರದೆ ಕಾಲೊನಿಯವರು ಗಾಲ್ಫ್ ಕಾರ್ಟ್ ಎಂಬ ಆರು ಬ್ಯಾಟರಿ ಗಾಡಿ ತರಿಸಿದರು. ಇಲ್ಲಿ ಗಾಲ್ಫ್ ಆಡುವವರು ಯಾರೂ ಇಲ್ಲ. ಚೆಂಡು ಇಟ್ಟರೆ ನಿಲ್ಲುವಷ್ಟು ಮಟ್ಟಸವಾದ ನೆಲವೂ ಇಲ್ಲ.

ಓಡಿಸಲು ಕಲಿಸಿದವರು ಪಕ್ಕದ ಮನೆಯ ಸಾಹೇಬರು. ಸಕಲೇಶಪುರ ಪೇಟೆಯಲ್ಲಿ ಲಾರಿ ಇಟ್ಟುಕೊಂಡಿದ್ದವರು, ಘಾಟಿಯಲ್ಲಿ ನಲವತ್ತು ವರ್ಷ ಕಾಫಿ ಮೂಟೆಯ ಲಾರಿ ಓಡಿಸಿದವರು. ಎರಡು ದಿನದಲ್ಲಿ ನಾನು ಕಲಿತುಬಿಟ್ಟೆ. ಮೂರನೆಯ ದಿನದಿಂದ ಹಾಲ್‌ಗೆ ನಡೆದು ಹೋಗುವವರನ್ನು ಕಂಡರೆ ನನಗೆ ಕನಿಕರ ಬರತೊಡಗಿತು.

ದಸರಾ ರಜಕ್ಕೆ ಮಗಳು ನಾಲ್ಕು ವರ್ಷದ ಮೊಮ್ಮಗಳನ್ನು ಕರೆತಂದಳು. ಮಗಳಿಗೆ ಹಾಸನದಲ್ಲಿ ಬ್ಯಾಂಕ್ ಕೆಲಸ. ಮಗುವನ್ನು ನನ್ನೊಬ್ಬಳ ಹತ್ತಿರ ಬಿಟ್ಟದ್ದು ಅದೇ ಮೊದಲು.

"ಹತ್ತು ದಿನ ನೋಡಣ ಅಮ್ಮ. ಇದು ಸರಿಯಾಗಿ ನಡೆದ್ರೆ ಬೇಸಿಗೆ ರಜ ಪೂರ್ತಿ ಇಲ್ಲೇ ಬಿಡ್ತೀನಿ," ಎಂದಳು.

ಎರಡು ತಿಂಗಳು ಮೊಮ್ಮಗಳು ನನ್ನ ಜೊತೆ! ಅಂದಿನಿಂದಲೇ ನಾನು ಬೇಸಿಗೆಗೆ ಹಪ್ಪಳ ಸಂಡಿಗೆಯ ಲೆಕ್ಕ ಹಾಕಲು ಕೂತೆ.

ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಒಂದು ಬೋರ್ಡ್ ಇದೆ. ಆರು ವರ್ಷದೊಳಗಿನ ಮಕ್ಕಳನ್ನು ಮುಂದೆ ಕೂರಿಸಬಾರದು, ಹಿಂದೆ ದೊಡ್ಡವರೊಬ್ಬರ ಪಕ್ಕ ಕೂರಿಸಿ ಬೆಲ್ಟ್ ಹಾಕಬೇಕು ಎಂದು ಬರೆದಿದೆ. ಓದಿ ನಕ್ಕೆ. ಈ ಗಾಡಿ ಎಮ್ಮೆಗಿಂತ ಸ್ವಲ್ಪ ಜೋರಾಗಿ ಹೋಗುತ್ತದೆ, ಅದಕ್ಕೆ ಬೆಲ್ಟಂತೆ! ಹಿಂದೆ ಕೂರಿಸಿಕೊಂಡು ಹೋಗೋಣವೆಂದರೆ ದೊಡ್ಡವರು ಎಂದು ಇರುವವಳು ನಾನೊಬ್ಬಳೇ. ಮಗುವನ್ನು ಎಡಗಡೆ ಮುಂದಿನ ಸೀಟಿನಲ್ಲಿ ಕೂರಿಸಿ ಎಡಗೈ ಸುತ್ತ ಹಾಕಿಕೊಂಡೆ.

ಸಾಹೇಬರು ನೋಡಿದರು. "ಸಿಸ್ಟರೇ, ಬಾಗಿಲಿಲ್ಲದ ಗಾಡಿ ಕಣ್ರೀ ಇದು. ತಿರುವಿನಾಗೆ ಎಸಿತದೆ. ಮಗೀನ ಹಿಂದೆ ಕೂರಿಸಿ, ನಾನು ಪಕ್ಕ ಕೂತ್ಕೋತೀನಿ."

"ನನ್ನ ಮಗಳನ್ನ ಇದೇ ಕೈಯಲ್ಲಿ ಹಿಡ್ಕೊಂಡು ಹದಿನಾಲ್ಕು ಜನರ ಜೀಪಲ್ಲಿ ಹಾನುಬಾಳಿಂದ ಓಡಾಡಿದೀನಿ ಸಾಹೇಬ್ರೇ. ಒಂದು ದಿನ ಬೀಳಿಸಿಲ್ಲ," ಎಂದೆ.

ಅದು ನಿಜ. ನಮ್ಮ ಕಡೆ ಮಕ್ಕಳು ಬೆಳೆದದ್ದೇ ಹಾಗೆ. ಜೀಪಿನ ಅಂಚಿನಲ್ಲಿ ಅಮ್ಮ, ಅಮ್ಮನ ತೋಳಿನೊಳಗೆ ಮಗು. ಆ ಕೈ ಸೋತದ್ದನ್ನು ನಾನು ಕಂಡಿರಲಿಲ್ಲ. ಆದರೆ ಜೀಪಿನಲ್ಲಿ ನನಗೆ ಇದ್ದದ್ದು ಅದೊಂದೇ ಕೆಲಸ, ಓಡಿಸುವವನು ಬೇರೆ ಇದ್ದ. ಅಷ್ಟು ಸಣ್ಣ ವಿಷಯ ನನ್ನ ದೊಡ್ಡ ತಲೆಗೆ ಹೊಳೆಯಲಿಲ್ಲ.

ಮೂರು ದಿನ ಮೆರೆದೆವು. ಮಗು ದಾರಿಯ ಅಜ್ಜ ಅಜ್ಜಿಯರಿಗೆಲ್ಲ ಕೈ ಬೀಸುತ್ತಿತ್ತು, ಅವಳಿಗಿಂತ ಹೆಚ್ಚು ನಾನು ಬೀಸುತ್ತಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ತಿಂಡಿಗೆ ಇಳಿಯುತ್ತಿದ್ದೆವು. ನೀರಿನ ಟ್ಯಾಂಕಿನ ಹತ್ತಿರ ರಸ್ತೆ ಬಲಕ್ಕೆ ಗಕ್ಕನೆ ತಿರುಗಿ ಇಳಿಯುತ್ತದೆ. ಇಬ್ಬನಿಗೆ ನೆಲ ಒದ್ದೆಯಾಗಿತ್ತು. ಗಾಡಿ ನಾನು ಅಂದುಕೊಂಡದ್ದಕ್ಕಿಂತ ಜೋರಾಗಿ ಹೋಯಿತು. ಹೆದರಿ ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು ಬಲಕ್ಕೆ ಎಳೆದೆ.

ಎರಡೂ ಕೈಯಲ್ಲಿ. ಗಾಡಿ ತಿರುಗಿತು. ನನ್ನ ಚಾಲಾಕಿಗೆ ನಾನೇ ಮೆಚ್ಚಿ, "ನೋಡ್ದಾ ಪುಟ್ಟಿ!" ಎನ್ನುತ್ತಾ ಎಡಕ್ಕೆ ನೋಡಿದರೆ ಸೀಟು ಖಾಲಿ.

ಬ್ರೇಕ್ ಒತ್ತಿ ಇಳಿದು ಓಡಿದೆ. ಕಳೆ ಹೊಡೆದು ರಸ್ತೆಯಂಚಿಗೆ ಹಾಕಿದ್ದ ಹುಲ್ಲಿನ ಮೇಲೆ ಮಗು ಬಿದ್ದಿತ್ತು. ಹಿಂದಿನ ಚಕ್ರ ಹೋದ ಗುರುತಿಗೂ ಅವಳ ಕಾಲಿಗೂ ನಡುವೆ ಒಂದು ಗೇಣು. ಅಳುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನು ಎಷ್ಟೋ ಮಕ್ಕಳ ಕೈಕಾಲು ಮುಟ್ಟಿ ಪೆಟ್ಟು ನೋಡಿದವಳು. ಅವತ್ತು ಅವಳ ಕೈಕಾಲನ್ನು ಒಂದೊಂದಾಗಿ ಎರಡೆರಡು ಸಲ ಮುಟ್ಟಿ ನೋಡಿದೆ. ಮೊಣಕೈ ತರಚಿತ್ತು, ಹಣೆ ಊದಿತ್ತು. ಕಣ್ಣು ಚುರುಕಾಗಿತ್ತು, ವಾಂತಿ ಇರಲಿಲ್ಲ. ಅಷ್ಟು ಗೊತ್ತಾದ ಮೇಲೆ ಅವಳನ್ನು ಅಪ್ಪಿಕೊಂಡು ನಾನೇ ಅತ್ತೆ.

ಅತ್ತು ಮುಗಿದ ಕೂಡಲೇ ನನ್ನ ಬಾಯಿಂದ ಬಂದ ಮಾತು ಮಾತ್ರ ಈಗಲೂ ನಾಚಿಕೆ ತರುತ್ತದೆ.

"ಅಮ್ಮಂಗೆ ಗಾಡಿಯಿಂದ ಬಿದ್ದೆ ಅಂತ ಹೇಳ್ಬೇಡ ಪುಟ್ಟಿ. ಓಡ್ತಾ ಬಿದ್ದೆ ಅಂತ ಹೇಳು. ಇಲ್ದಿದ್ರೆ ನಿನ್ನ ಕರ್ಕೊಂಡು ಹೋಗ್ಬುಡ್ತಾಳೆ."

ಗಾಯ ಹೊತ್ತು ಬಂದ ಮಕ್ಕಳ ತಾಯಂದಿರನ್ನು ನೌಕರಿಯುದ್ದಕ್ಕೂ ಗದರಿದವಳು ನಾನು. "ನಿಜ ಹೇಳಮ್ಮ, ಓಡ್ತಾ ಬಿದ್ದ ಗಾಯ ಹೀಗಿರಲ್ಲ," ಎಂದು ಎಷ್ಟು ಜನರನ್ನು ಅಳಿಸಿದ್ದೇನೋ. ಹೇಳೋದು ಶಾಸ್ತ್ರ, ಹಾಕೋದು ಗಾಳ. ಔಷಧಿ ಹಚ್ಚುತ್ತಾ ಮಗುವಿನಿಂದ ಎರಡು ಸಲ ಪಾಠ ಒಪ್ಪಿಸಿಕೊಂಡೆ. ಎಲ್ಲಿ ಓಡುತ್ತಿದ್ದೆ ಎಂದು ಕೇಳಿದರೆ ಏನು ಹೇಳಬೇಕೆಂದೂ ಹೇಳಿಕೊಟ್ಟೆ. ಆಸ್ಪತ್ರೆಯಲ್ಲಿ ಕಲಿತ ವಿದ್ಯೆ, ಯಾವ ಸುಳ್ಳು ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಸಂಜೆ ಆರಕ್ಕೆ ಮಗಳ ವಿಡಿಯೋ ಕಾಲ್ ಬಂತು. ಹಣೆ ನೋಡಿ ಕಿರುಚಿದಳು.

"ಓಡ್ತಾ ಬಿದ್ದೆ ಅಮ್ಮ," ಎಂದಿತು ಮಗು. "ಹೂವಿನ ಗಿಡದ ಹತ್ರ. ಅಜ್ಜಿ ಓಡ್ಬೇಡ ಅಂದ್ಲು. ಆದ್ರೂ ನಾನು ಓಡ್ದೆ."

ಕೊನೆಯ ಎರಡು ಮಾತು ನಾನು ಹೇಳಿಕೊಟ್ಟದ್ದಲ್ಲ. ಅದನ್ನು ಅವಳೇ ಸೇರಿಸಿಕೊಂಡಿದ್ದಳು, ನನ್ನ ಮೇಲೆ ತಪ್ಪು ಬರದ ಹಾಗೆ.

"ಅಜ್ಜಿ ಮಾತು ಕೇಳ್ಬೇಕಾ ಬೇಡ್ವಾ? ಅಜ್ಜಿ ಎಷ್ಟು ಹೆದರಿರ್ಬೇಕು! ಸಾರಿ ಹೇಳು ಅಜ್ಜಿಗೆ," ಎಂದಳು ಮಗಳು.

ಮಗು ನನ್ನ ಕಡೆ ತಿರುಗಿತು. ಊದಿದ ಹಣೆ, ಬ್ಯಾಂಡೇಜ್ ಕಟ್ಟಿದ ಮೊಣಕೈ. "ಸಾರಿ ಅಜ್ಜಿ. ಇನ್ಮೇಲೆ ಓಡಲ್ಲ," ಎಂದಿತು.

ಬೇಸಿಗೆಯ ಎರಡು ತಿಂಗಳು ಕಣ್ಣ ಮುಂದೆ ಬಂದಿದ್ದು ನಿಜ. ಆಮೇಲೆ ಫೋನ್ ಕೈಗೆ ತೆಗೆದುಕೊಂಡು ಎಲ್ಲ ಹೇಳಿದೆ. ಬೋರ್ಡ್, ಸಾಹೇಬರ ಮಾತು, ತಿರುವು, ಒಂದು ಗೇಣು, ಎಲ್ಲ.

ಮಗಳು ಬೈಯುತ್ತಾಳೆ ಎಂದುಕೊಂಡಿದ್ದೆ. ಮಗುವನ್ನು ಮತ್ತೊಮ್ಮೆ ಫೋನಿನ ಮುಂದೆ ಕರೆದು ಹಣೆ ನೋಡಿದಳು.

"ಬಿದ್ದಿದ್ದು ಬಿಡಮ್ಮ, ನನ್ನ ಕೈಯಲ್ಲೂ ಬೀಳ್ತಾಳೆ," ಎಂದಳು ನನಗೆ. "ಅವಳ ಬಾಯಲ್ಲಿ ಸುಳ್ಳು ಹೇಳಿಸಿದ್ಯಲ್ಲ. ಇನ್ನು ಅವಳಿಗೆ ಇಲ್ಲಿ ಏನಾದ್ರೂ ಆದ್ರೆ ನಂಗೆ ಗೊತ್ತಾಗೋದು ಹೇಗೆ?"

ತಲೆಗೆ ಪೆಟ್ಟಾದ್ದರಿಂದ ಆ ರಾತ್ರಿಯೆಲ್ಲ ಮಗುವನ್ನು ಎಬ್ಬಿಸಿ ಎಬ್ಬಿಸಿ ನೋಡಬೇಕೆಂದು ಮಾತ್ರ ಮಾತಾಡಿಕೊಂಡೆವು. ಗಾಡಿಯ ಕೀಲಿಯನ್ನು ಸಾಹೇಬರಿಗೆ ಕೊಟ್ಟೆ. ಅವರು "ನಾ ಹೇಳಿರ್ಲಿಲ್ವಾ" ಎನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.

ಮಾರನೆಯ ಬೆಳಿಗ್ಗೆ ಮಗಳು ಕಾರಿನಲ್ಲಿ ಬಂದಳು. ಮಗುವಿನ ತಲೆಗೆ ಸ್ಕ್ಯಾನ್ ಮಾಡಿಸಬೇಕೋ ಎಂದು ಹಾಸನದಲ್ಲಿ ಡಾಕ್ಟರಿಗೆ ತೋರಿಸಿ ಕೇಳುತ್ತೇನೆ ಎನ್ನುತ್ತಾ ಅವಳ ಬಟ್ಟೆ ಜೋಡಿಸಿಕೊಂಡಳು. ಬೇಸಿಗೆಯ ಮಾತು ಅವಳು ಎತ್ತಲಿಲ್ಲ. ಎತ್ತುವ ಮುಖ ನನಗೂ ಇರಲಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಕೂತ ಮಗು ಆಗ ಅಳಲು ಶುರುಮಾಡಿತು. ಬಿದ್ದಾಗ ಬಾರದ ಅಳು. ಕಿಟಕಿಯ ಹತ್ತಿರ ಬಗ್ಗಿ ಮುಖ ಒರೆಸಲು ಹೋದೆ. ನನ್ನ ಕೈ ತಳ್ಳಿತು.

"ನಾನು ಹೇಳ್ಲೇ ಇಲ್ಲ," ಎಂದಿತು ಬಿಕ್ಕುತ್ತಾ. "ನೀನೇ ಹೇಳ್ಬುಟ್ಟೆ ಅಜ್ಜಿ!"